ಕಿವಿ ತೋರಿಸದವರು

ವಾರವೆಲ್ಲ ಹೊಸದುರ್ಗದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನಾನು ಭಾನುವಾರ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ಹೆಂಗಸರಿಗೆ ದುಡ್ಡಿನ ಪದಗಳನ್ನು ಹೇಳಿಕೊಡುತ್ತೇನೆ. ಹೊಳಲ್ಕೆರೆ ತಾಲ್ಲೂಕಿನ ಊರು. ಹೊರಕೆರೆದೇವಪುರದ ದೇವಸ್ಥಾನಕ್ಕೆ ಹೊರಟವರ ತೆಂಗಿನಕಾಯಿ ಚೀಲಗಳ ನಡುವೆ ಬಸ್ಸಿನಲ್ಲಿ ನಿಂತುಕೊಂಡು ಹೋಗಬೇಕು. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಕೊಡುತ್ತೇವೆಂದು ಬಂದ ಒಂದು ವಿಮಾ ಕಂಪನಿಯವರನ್ನು ನಾನೇ ಬಾಗಿಲಲ್ಲಿ ನಿಲ್ಲಿಸಿ ವಾಪಸ್ಸು ಕಳಿಸಿದೆ. ಅವರ ಕೈಯಲ್ಲಿ ಬಣ್ಣದ ಕರಪತ್ರಗಳಿದ್ದವು, ಅವುಗಳ ಮೇಲೆ ನಗುತ್ತಿರುವ ಮುದುಕಿಯ ಚಿತ್ರವಿತ್ತು. ಆ ನಗು ಕಂಡರೆ ನನಗೆ ಮೈ ಉರಿಯುತ್ತದೆ.

ಮೊದಲ ಕೆಲವು ಪಾಠಗಳು ಸಲೀಸಾಗಿ ನಡೆಯುತ್ತವೆ. ಇಟ್ಟ ದುಡ್ಡು ಅಸಲು, ಅದು ಹಾಕುವ ಮರಿ ಬಡ್ಡಿ. ಮರಿಯನ್ನು ಮಾರದೆ ಮಂದೆಯಲ್ಲೇ ಬಿಟ್ಟರೆ ನಾಳೆ ಅದೂ ಮರಿ ಹಾಕುತ್ತದೆ, ಅದು ಚಕ್ರಬಡ್ಡಿ. ನಿಮ್ಮ ದುಡ್ಡು ಇದ್ದಷ್ಟೇ ಇದ್ದು ಎಣ್ಣೆ ಬೇಳೆಯ ರೇಟು ಏರುತ್ತ ಹೋದರೆ ಅದು ಹಣದುಬ್ಬರ, ಅಂದರೆ ಯಾರೂ ಕದಿಯದೆಯೇ ಪೆಟ್ಟಿಗೆಯಲ್ಲಿಟ್ಟ ದುಡ್ಡು ಸವೆಯುವುದು. ತಿಂಗಳು ತಿಂಗಳು ಇಷ್ಟಿಷ್ಟೇ ಮ್ಯೂಚುವಲ್ ಫಂಡಿಗೆ ಹಾಕುತ್ತ ಹೋದರೆ ಎಸ್‌ಐಪಿ. ಅದು ಷೇರುಪೇಟೆಯಲ್ಲಿ ಮೇಯ್ದು ಬರುವ ದುಡ್ಡು, ಕೊಬ್ಬಿಯೂ ಬರಬಹುದು, ಸೊರಗಿಯೂ ಬರಬಹುದು. ಹೆಂಗಸರು ತಲೆಯಾಡಿಸುತ್ತಾರೆ, ತಮಾಷೆ ಮಾಡುತ್ತಾರೆ. ತನ್ನ ಗಂಡ ಸೊರಗಿದ ದುಡ್ಡೇ ಹೊರತು ಕೊಬ್ಬಿದ್ದಲ್ಲ ಎಂದು ಒಬ್ಬಳು ಹೇಳಿ ಎಲ್ಲರನ್ನೂ ನಗಿಸಿದ್ದೂ ಉಂಟು.

ಆಮೇಲೆ ವಿಮೆಯ ಪಾಠ ಬರುತ್ತದೆ. ಪ್ರೀಮಿಯಂ ಅಂದರೆ ಕಟ್ಟುವ ಕಂತು, ಲಾಕ್-ಇನ್ ಅಂದರೆ ದುಡ್ಡು ಹೊರತೆಗೆಯಲು ಬಿಡದ ಅವಧಿ, ಆಮೇಲೆ ಸರೆಂಡರ್ ವ್ಯಾಲ್ಯೂ. ಈ ಕೊನೆಯ ಪದವನ್ನು ಬೋರ್ಡಿನ ಮೇಲೆ ಬರೆಯುವಾಗ ನನ್ನ ಕೈಯಲ್ಲಿ ಸೀಮೆಸುಣ್ಣ ಮುರಿಯುತ್ತದೆ. ಹಿಂದಿನ ಸಾಲಿನಿಂದ ಯಾರಾದರೂ, "ಟೀಚರ್‌ಗೆ ಮೈಮ್ಯಾಲೆ ಬಂತು, ಒಂದ್ಲೋಟ ನೀರು ಕೊಡ್ರೇ" ಅನ್ನುತ್ತಾರೆ. ಬರಲಿ ಬಿಡಿ. ಮೈಮೇಲೆ ಬರದ ಹಾಗೆ ಈ ಪದವನ್ನು ಹೇಳಿಕೊಡುವುದು ನನ್ನಿಂದ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ಹೇಳಲು ನನ್ನ ಸೋದರತ್ತೆಯ ಕತೆ ಹೇಳಬೇಕು.

ನಮ್ಮದು ಹಿರಿಯೂರು ತಾಲ್ಲೂಕು, ಬಬ್ಬೂರಿನ ಆಚೆಯ ಹಟ್ಟಿ. ಕುರಿ ಕಾಯುವ ಮಂದಿ ನಾವು. ಅತ್ತೆ ನನ್ನ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತನ್ನ ಭಾಗದ ಕುರಿಗಳನ್ನು ಹೊಡೆದುಕೊಂಡು ತವರಿಗೆ ಬಂದವಳು. ಮಕ್ಕಳಿಲ್ಲ. ಅಂದಿನಿಂದ ನಮ್ಮ ಮನೆಯ ಪಡಸಾಲೆಯ ಮೂಲೆಯೇ ಅವಳ ಜಾಗ. ಅಲ್ಲಿ ಒಂದು ಕಂಬಳಿ, ಒಂದು ಟ್ರಂಕು, ಗೋಡೆಗೆ ಒರಗಿಸಿದ ಕೋಲು. ಅಪ್ಪನ ಕಾಲ ಮುಗಿದು ನನ್ನ ಅಣ್ಣನ ಸಂಸಾರ ಬೆಳೆದ ಮೇಲೂ ಅವಳು ಅದೇ ಮೂಲೆಯಲ್ಲಿದ್ದಳು. ಅಣ್ಣ ಅತ್ತಿಗೆ ಕೆಟ್ಟವರಲ್ಲ, ಹೊತ್ತಿಗೆ ಸರಿಯಾಗಿ ಮುದ್ದೆ ಹಾಕುತ್ತಿದ್ದರು. ಆದರೆ ಪಡಸಾಲೆ ಅಂದರೆ ಬಂದವರೆಲ್ಲ ದಾಟಿಕೊಂಡು ಹೋಗುವ ಜಾಗ. ಅವಳು ಸೀರೆ ಬದಲಿಸಬೇಕಾದರೂ ದನದ ಕೊಟ್ಟಿಗೆಗೆ ಹೋಗಬೇಕಿತ್ತು.

ಅವಳಿಗಿದ್ದದ್ದು ಒಂದೇ ಆಸೆ. "ಒಂದು ಕ್ವಾಣೆ ಕಟ್ಟಿಸ್ಕಬೇಕು ಕಣೇ. ಒಳಗಿಂದ ಚಿಲಕ ಹಾಕ್ಕಣ ಅಂಥದ್ದು" ಎಂದು ನನ್ನೊಬ್ಬಳ ಹತ್ತಿರ ಹೇಳುತ್ತಿದ್ದಳು. ಹಿತ್ತಲಲ್ಲಿ ಅಪ್ಪ ಬದುಕಿದ್ದಾಗಲೇ ಅವಳಿಗೆಂದು ಬಿಟ್ಟ ಜಾಗವಿತ್ತು. ಪಾಯಕ್ಕೆ ಬೇಕಾದ ಕಲ್ಲುಗಳನ್ನು ಅವಳೇ ಕುರಿ ಮೇಯಿಸಲು ಹೋದ ಕಡೆಯಿಂದ ಒಂದೊಂದಾಗಿ ತಂದು ಪೇರಿಸಿದ್ದಳು. ಮಂಡಿ ಸೋತು ಕುರಿ ಹಿಂದೆ ಓಡಾಡಲು ಆಗದಾದಾಗ ಮಂದೆಯನ್ನೆಲ್ಲ ಮಾರಿದಳು. ಅಷ್ಟು ದುಡ್ಡಿಗೆ ಕೋಣೆ ಆಗುತ್ತಿತ್ತು, ಚಿಲಕವೂ ಬರುತ್ತಿತ್ತು. ಆದರೆ ಜಾಗ ಅವಳ ಹೆಸರಿಗೆ ಬರಬೇಕು, ಪಂಚಾಯ್ತಿಯಲ್ಲಿ ಖಾತೆ ಆಗಬೇಕು, ಅದಕ್ಕೊಂದು ವರ್ಷ ಹಿಡಿಯುತ್ತದೆ ಅಂದರು. ಅಲ್ಲಿಯವರೆಗೆ ದುಡ್ಡು ಹಿರಿಯೂರಿನ ಬ್ಯಾಂಕಿನಲ್ಲಿರಲಿ ಎಂದು ಎಲ್ಲರೂ ಸೇರಿ ಮಾತಾಡಿದೆವು. ಒಂದು ವರ್ಷದ ಎಫ್.ಡಿ., ಅಂದರೆ ಇಟ್ಟ ದುಡ್ಡಿಗೆ ಇಂತಿಷ್ಟು ಬಡ್ಡಿ ಎಂದು ಮೊದಲೇ ಗೊತ್ತು ಮಾಡಿ ಇಡುವ ಠೇವಣಿ. ಅದಕ್ಕಿಂತ ಸೀದಾ ವ್ಯವಹಾರ ಇನ್ನೊಂದಿಲ್ಲ.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಲೇಬೇಕು. ಕುರಿ ಇದ್ದು ಕಾಯಲು ಆಗದವರು ಇನ್ನೊಬ್ಬರಿಗೆ ಪಾಲಿಗೆ ಬಿಡುತ್ತಾರೆ. ಕುರಿ ಇವರದು, ಕಾಯುವ ಕಷ್ಟ ಅವರದು. ಹುಟ್ಟಿದ ಮರಿಗಳಲ್ಲಿ ಅರ್ಧ ಇವರಿಗೆ, ಅರ್ಧ ಅವರಿಗೆ. ಉಣ್ಣೆ ಸಾಕಿದವರಿಗೆ, ಗೊಬ್ಬರಕ್ಕೆಂದು ರೈತರ ಹೊಲದಲ್ಲಿ ಮಂದೆ ನಿಲ್ಲಿಸಿದ್ದಕ್ಕೆ ಬರುವ ಕಾಳುಕಡ್ಡಿಯೂ ಅವರಿಗೇ. ಕಾಗದವಿಲ್ಲ, ಸಾಕ್ಷಿಯಿಲ್ಲ. ಪ್ರತಿ ಮನೆಯವರೂ ತಮ್ಮ ಕುರಿಯ ಕಿವಿಗೆ ಒಂದೊಂದು ಥರದ ಗುರುತು ಕತ್ತರಿಸಿರುತ್ತಾರೆ. ಅತ್ತೆಯದು ಎಡಗಿವಿಯ ತುದಿ ಹಾರಿಸಿ ಹಿಂಬದಿಯಲ್ಲಿ ಒಂದು ಕಚ್ಚು.

ಕುರಿ ಸಾಯುತ್ತದೆ. ನೀಲಿ ನಾಲಿಗೆ ರೋಗ ಬರುತ್ತದೆ, ತೋಳ ಎಳೆಯುತ್ತದೆ, ಹೈವೇಯಲ್ಲಿ ಲಾರಿ ಹಾಯುತ್ತದೆ. ಸತ್ತರೆ ನಷ್ಟ ಕುರಿ ಬಿಟ್ಟವರದು, ಸಾಕಿದವನ ಬೆವರು ಅವನ ನಷ್ಟ. ಆದರೆ ಸತ್ತದ್ದು ನಿಜವೆಂದು ತೋರಿಸಬೇಕು. ಚರ್ಮವನ್ನು ಮಾರಿಕೊಂಡರೂ ಗುರುತಿರುವ ಕಿವಿಯನ್ನು ಕೊಯ್ದು ತಂದು ಒಡೆಯರ ಕೈಗೆ ಕೊಡಬೇಕು. ಎಷ್ಟು ದೂರದಿಂದಾದರೂ ಸರಿ. ಕಿವಿ ತಂದವನಿಗೆ ಒಂದು ಮಾತೂ ಅನ್ನುವಂತಿಲ್ಲ, ಉಣ್ಣಲು ಇಕ್ಕಿ ಕಳಿಸಬೇಕು. ಕಿವಿ ತರದವನು ಕುರಿ ತಿಂದ ಅಂತಲೇ ಲೆಕ್ಕ, ಅವನು ಕುರಿ ಕಟ್ಟಿಕೊಡಬೇಕು, ಆಮೇಲೆ ಅವನಿಗೆ ಯಾವ ಹಟ್ಟಿಯವರೂ ಒಂದು ಮರಿಯನ್ನೂ ಬಿಡುವುದಿಲ್ಲ. ನಾನು ಬಿ.ಎಡ್. ಮುಗಿಸಿ ಬ್ಯಾಂಕು, ಷೇರು, ಫಂಡು ಎಲ್ಲ ಓದಿಕೊಂಡೆ. ಇದಕ್ಕಿಂತ ನೇರವಾದ ಕರಾರನ್ನು ಎಲ್ಲೂ ನೋಡಲಿಲ್ಲ.

ಅತ್ತೆ ಬ್ಯಾಂಕಿಗೆ ಹೋದ ದಿನ ನಾನಿರಲಿಲ್ಲ, ಪರೀಕ್ಷೆ ನಡೆಯುತ್ತಿತ್ತು. ಅಣ್ಣ ಅವಳನ್ನು ಒಳಗೆ ಕೂರಿಸಿ ಗೊಬ್ಬರದ ಅಂಗಡಿಗೆ ಹೋಗಿದ್ದ. ಅಲ್ಲಿ ನಡೆದದ್ದನ್ನು ಅವಳೇ ನನಗೆ ಎಷ್ಟೋ ಸಲ ಹೇಳಿದ್ದಾಳೆ, ಒಂದು ಮಾತೂ ಆಚೀಚೆ ಆಗದ ಹಾಗೆ. ಕುತ್ತಿಗೆಗೆ ಟ್ಯಾಗ್ ಹಾಕಿಕೊಂಡಿದ್ದ ಯುವಕನೊಬ್ಬ ಸರತಿಯಿಂದ ಅವಳನ್ನು ಎಬ್ಬಿಸಿಕೊಂಡು ಹೋಗಿ ಫ್ಯಾನಿನ ಕೆಳಗೆ ಕೂರಿಸಿದ. ನೀರು ತರಿಸಿಕೊಟ್ಟ. ಆಮೇಲೆ ಮುಖ ದಿಟ್ಟಿಸಿ, "ದೊಡ್ಡವ್ವಾ, ನನ್ನ ಗುರ್ತು ಸಿಗ್ಲಿಲ್ವಾ? ನಮ್ಮಪ್ಪ ನಿಮ್ಮ ಕುರಿ ಪಾಲಿಗೆ ಸಾಕಿದ್ನಲ್ಲ, ಮದಕರಿಪುರದೋನು" ಎಂದ. ಅತ್ತೆಗೆ ಹಿಗ್ಗೋ ಹಿಗ್ಗು. ಮದಕರಿಪುರದ ಆ ಮನುಷ್ಯ ಹಿಂದೆ ವರ್ಷಗಟ್ಟಲೆ ಅವಳ ಒಂದಷ್ಟು ಕುರಿ ಸಾಕಿದವನು. ಒಮ್ಮೆ ರೋಗ ಬಂದು ಕುರಿಗಳು ಸಾಲಾಗಿ ಸತ್ತಾಗ ಚಿತ್ರದುರ್ಗದ ಕಡೆಯಿಂದ ನಮ್ಮ ಹಟ್ಟಿಗೆ ಕಿವಿಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು, ಜಗಲಿಯ ಮೇಲೆ ಬಿಚ್ಚಿಟ್ಟು ಅತ್ತವನು. ನಾನು ಚಿಕ್ಕವಳಿದ್ದಾಗ ಅದನ್ನು ಕಣ್ಣಾರೆ ಕಂಡಿದ್ದೇನೆ.

ಅಂಥವನ ಮಗ. ಅತ್ತೆ ಎಫ್.ಡಿ. ಎಂದು ಹೇಳುವುದಕ್ಕೂ ಬಿಡದೆ ಅವನು ಹೇಳಿದ್ದು ಇದು: "ಎಫ್ಡಿ ಯಾಕೆ ದೊಡ್ಡವ್ವ? ಅದ್ರಾಗೆ ಬರೀ ಬಡ್ಡಿ. ಇದೊಂದು ಐತೆ ನೋಡ್ರಿ, ಪಾಲಿಗೆ ಕುರಿ ಬಿಟ್ಟಂಗೇನೇ. ನೀವು ದುಡ್ಡು ಬಿಡ್ರಿ, ಕಂಪನಿಯೋರು ಮೇಯಿಸ್ತಾರೆ, ಹುಟ್ಟಿದ್ರಾಗೆ ನಿಮಗೂ ಪಾಲು."

ಇದೊಂದು ವಾಕ್ಯವನ್ನು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ. ಅವನು ಸುಳ್ಳು ಹೇಳಲಿಲ್ಲ, ಅದೇ ಅವನ ಹುಷಾರಿ. ಕಂಪನಿಯ ಲಾಭದಲ್ಲಿ ಪಾಲು ಕೊಡುವ ವಿಮೆ ಎಂಬ ವರ್ಗವೇ ಇದೆ, ಕಾಗದದಲ್ಲಿ ಹಾಗೆಯೇ ಬರೆದಿರುತ್ತದೆ. ಆದರೆ ಪ್ರತಿ ವರ್ಷ ಇಷ್ಟೇ ದೊಡ್ಡ ಕಂತು ಕಟ್ಟಬೇಕು, ಹತ್ತು ವರ್ಷ ಕಟ್ಟಬೇಕು, ನಡುವೆ ನಿಲ್ಲಿಸಿದರೆ ಕೈಗೆ ಚೂರುಪಾರು ಬರುತ್ತದೆ ಎಂಬುದನ್ನು ಅವನು ಹೇಳಲಿಲ್ಲ. ಮೊದಲ ಕಂತಿನಲ್ಲಿ ದೊಡ್ಡ ತುಂಡು ಮಾರಿದವರ ಕಮಿಷನ್ನಿಗೆ ಹೋಗುತ್ತದೆ ಎಂಬುದನ್ನೂ ಹೇಳಲಿಲ್ಲ. ಮಂಡಿನೋವಿನ ಮುದುಕಿ ಮಂದೆ ಮಾರಿ ತಂದ ಇಡೀ ಗಂಟು ಬರೀ ಮೊದಲ ಕಂತಾಯಿತು. ಅತ್ತೆಗೆ ಹೇಳಿದ್ದು ಪಾಲು ಎಂಬ ಒಂದೇ ಪದ. ಬೇರೆ ಯಾವ ಜನರಾದರೂ ಎಷ್ಟು ಬಡ್ಡಿ, ಯಾವಾಗ ವಾಪಸ್ಸು ಎಂದು ಕೇಳುತ್ತಿದ್ದರು. ನಮ್ಮವರು ಪಾಲು ಎಂದ ಮೇಲೆ ಏನೂ ಕೇಳುವುದಿಲ್ಲ, ಕೇಳಿದರೆ ಸಾಕುವವನಿಗೆ ಅವಮಾನ. ಅತ್ತೆ ಹೆಬ್ಬೆಟ್ಟು ಒತ್ತಿದಳು. ದೊಡ್ಡವ್ವ ಎಂಬ ಮಾತಿಗೂ ಕಮಿಷನ್ ಹುಟ್ಟುತ್ತದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು.

ಹೊರಡುವಾಗ ಅವನು ಇನ್ನೊಂದು ಮಾತು ಹೇಳಿದ್ದ. "ಫೋನ್ ಬರ್ತದೆ ದೊಡ್ಡವ್ವ, ಏನು ಕೇಳಿದ್ರೂ ಹೂಂ ಅಂದ್ಬಿಡ್ರಿ, ಇಲ್ಲಾಂದ್ರೆ ಮತ್ತೆ ಬಸ್ಸತ್ತಿ ಬರಬೇಕಾಗ್ತದೆ." ಫೋನು ಬಂತು. ಅಣ್ಣನ ಮಗಳು ಅವಳ ಕಿವಿಗೆ ಹಿಡಿದಳು. ಯಾರೋ ಹುಡುಗಿ ಗಡಿಬಿಡಿಯಲ್ಲಿ ಏನೇನೋ ಓದಿದಳು, ಕತೆ ಕೇಳುವವರಂತೆ ಅತ್ತೆ ಹೂಂಗುಟ್ಟಿದಳು. ಪಾಲಿಸಿ ಬೇಡವೆನಿಸಿದರೆ ಕಾಗದ ಕೈಗೆ ಬಂದ ಕೆಲವು ದಿನಗಳಲ್ಲಿ ವಾಪಸ್ಸು ಮಾಡಬಹುದು, ಅದಕ್ಕೆ ಫ್ರೀ ಲುಕ್ ಎಂದು ಹೆಸರು. ಕಾಗದ ಬಂದಾಗ ಅಣ್ಣ ಅದನ್ನು ಎಫ್.ಡಿ. ಬಾಂಡು ಅಂದುಕೊಂಡು ಟ್ರಂಕಿನಲ್ಲಿಟ್ಟ. ನನಗೂ ಎಫ್.ಡಿ. ಆಯಿತು ಅಂತಲೇ ಹೇಳಿದ. ಆ ದಿನಗಳು ಹಾಗೆ ಕಳೆದುಹೋದವು.

ವರ್ಷ ತುಂಬಿತು. ಖಾತೆ ಆಯಿತು, ಗಾರೆಯವನು ಬಂದು ಹಿತ್ತಲಲ್ಲಿ ದಾರ ಹಿಡಿದು ಹೋದ. ದುಡ್ಡು ತರಬೇಕೆನ್ನುವಷ್ಟರಲ್ಲಿ ಎರಡನೆಯ ಕಂತು ಕಟ್ಟಿ ಎಂಬ ಪತ್ರ ಬಂತು. ಅತ್ತೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊಸದುರ್ಗಕ್ಕೆ ನಮ್ಮ ಮನೆಗೇ ಬಂದಳು. ನಾನು ಓದುತ್ತಿದ್ದ ಹಾಗೆ ನನ್ನ ಮುಖ ನೋಡುತ್ತಿದ್ದಳು.

"ಏನು ಕೇಳ್ತಾರೆ?" ಎಂದಳು.

"ಮತ್ತೆ ಅಷ್ಟೇ ದುಡ್ಡು ಕಟ್ಟಬೇಕಂತೆ ಅತ್ತೆ."

"ಪಾಲಿಗೆ ಬಿಟ್ಟ ಕುರಿಗೆ ಮತ್ತೆ ಅಷ್ಟೇ ಕುರಿ ಬಿಡು ಅಂತ ಯಾರಾದ್ರೂ ಕೇಳ್ತಾರೇನೇ? ಮೊದಲ್ನವು ಎಲ್ಲೋದ್ವು?"

ಅಣ್ಣನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವನು ತಿರುಗಿ ಬೈದ. ಅವನದೂ ತಪ್ಪಿಲ್ಲ, ಇಂಗ್ಲಿಷಿನಲ್ಲಿ ಹತ್ತಾರು ಪುಟ ಅಚ್ಚು ಮಾಡಿ ಕಳಿಸಿದರೆ ಈರುಳ್ಳಿ ಬೆಳೆಯುವವನು ಏನು ಓದಬೇಕು.

ರಜೆ ಹಾಕಿ ಅವಳನ್ನು ಹಿರಿಯೂರಿನ ಬ್ಯಾಂಕಿಗೆ ಕರೆದುಕೊಂಡು ಹೋದೆ. ಆ ಯುವಕ ಅಲ್ಲಿರಲಿಲ್ಲ. ಒಳ್ಳೆಯ ಕೆಲಸ ಮಾಡಿದ್ದಕ್ಕೆ ಪ್ರಮೋಷನ್ ಕೊಟ್ಟು ಬೇರೆ ಊರಿಗೆ ಕಳಿಸಿದ್ದರು. ಒಳ್ಳೆಯ ಕೆಲಸ ಎಂದೇ ಮ್ಯಾನೇಜರ್ ಹೇಳಿದ್ದು. ನಮ್ಮನ್ನು ಎದುರಿಗೆ ಕೂರಿಸಿಕೊಂಡು, ಪಾಲಿಸಿಯ ನಂಬರು ಹೊಡೆದು, ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದ. "ಇನ್ನೂ ಆಕ್ಟಿವ್ ಇದೆ ಮೇಡಂ, ಏನೂ ತೊಂದರೆ ಇಲ್ಲ. ಕಂತು ಕಟ್ಟಿಬಿಡಿ."

ಅತ್ತೆ ಪರದೆ ನೋಡಲಿಲ್ಲ, ಅವನನ್ನು ನೋಡಿದಳು. "ನನ್ನ ಕುರಿ ಬದುಕ್ಯಾವೇನ್ರಿ?"

ಅರ್ಥವಾಗದೆ ಅವನು ನನ್ನ ಕಡೆ ತಿರುಗಿದ. ನಾನು, "ಕಟ್ಟಿದ ದುಡ್ಡು ಇದೆಯಾ ಅಂತ ಕೇಳ್ತಿದಾಳೆ. ಇವತ್ತು ವಾಪಸ್ಸು ತಗೊಂಡ್ರೆ ಎಷ್ಟು ಬರ್ತದೆ ಹೇಳಿ" ಎಂದೆ.

"ಸರೆಂಡರ್ ಮಾಡ್ತೀರಾ? ಒಂದೇ ಪ್ರೀಮಿಯಂ ಆಗಿರೋದ್ರಿಂದ ಸರೆಂಡರ್ ವ್ಯಾಲ್ಯೂ ಏನೂ ಬರಲ್ಲ ಅನ್ಸುತ್ತೆ ಮೇಡಂ. ಬಂದ್ರೂ ಸ್ವಲ್ಪ."

ಶರಣಾಗತಿಯ ಬೆಲೆ. ಸೋತವರು ಕೈಯೆತ್ತಿ ನಿಂತಾಗ ಅವರ ಕೈಗೆ ಹಾಕುವ ಚಿಲ್ಲರೆಗೆ ಇವರು ಇಟ್ಟ ಹೆಸರು ಅದು. ಯುದ್ಧ ನಡೆದದ್ದೇ ನಮಗೆ ಗೊತ್ತಿರಲಿಲ್ಲ.

"ಹಂಗಾದ್ರೆ ಸತ್ತಾವೆ" ಎಂದಳು ಅತ್ತೆ, ಬಹಳ ನಿಧಾನವಾಗಿ. "ಸತ್ರೆ ಸಾಯ್ಲಿ, ಯಾರೇನು ಮಾಡಾಕಾಗ್ತದೆ. ಕಿವಿ ತೋರ್ಸ್ರಿ, ಹೋಗ್ತೀವಿ."

ಮ್ಯಾನೇಜರ್ ನಕ್ಕ. ಕೆಟ್ಟ ನಗುವಲ್ಲ, ಹಳ್ಳಿಯವರು ಏನೋ ಅಂದಾಗ ನಗುತ್ತಾರಲ್ಲ, ಆ ನಗು. ನನಗೆ ಅಲ್ಲಿಯವರೆಗೆ ತಡೆದಿಟ್ಟ ಸಿಟ್ಟೆಲ್ಲ ಒಮ್ಮೆಗೇ ಬಂತು. ಸರತಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ಅವಳ ವಯಸ್ಸು ನೋಡಿ ಹತ್ತು ವರ್ಷದ ಕಂತು ಹೇಗೆ ಹೊರಿಸಿದಿರಿ, ಅವಳಿಗೆ ದುಡಿಮೆ ಎಲ್ಲಿದೆ ಎಂದು ಬರೆದುಕೊಂಡಿರಿ ಎಂದು ಕೇಳಿದೆ. ಅವನು ತಣ್ಣಗೆ, "ಇದು ನಮ್ಮ ಪ್ರಾಡಕ್ಟ್ ಅಲ್ಲ ಮೇಡಂ, ವಿಮಾ ಕಂಪನಿದು. ನಾವು ಬರೀ ಮಧ್ಯವರ್ತಿಗಳು" ಅಂದ. ನಿಮ್ಮ ಬ್ಯಾಂಕು, ನಿಮ್ಮ ಕುರ್ಚಿ, ನಿಮ್ಮ ಫ್ಯಾನು, ನೀವು ತರಿಸಿಕೊಟ್ಟ ನೀರು, ಆದರೆ ನಿಮ್ಮದಲ್ಲ. ಕುರಿ ಹೊಡೆದುಕೊಂಡು ಹೋದವನು ಒಬ್ಬ, ಮೇಯಿಸುವವನು ಇನ್ನೊಬ್ಬ, ಸತ್ತರೆ ಕೇಳಲು ಯಾರೂ ಇಲ್ಲ. ಅಷ್ಟರಲ್ಲಿ ಸೆಕ್ಯೂರಿಟಿಯವನು ಬಂದು ನನ್ನ ಹಿಂದೆ ನಿಂತ. ಅತ್ತೆ ನನ್ನ ಕೈ ಹಿಡಿದು, "ಹೋಗಾಣ ಬಾ" ಅಂದಳು.

ಕಂಪನಿಗೆ ದೂರು ಬರೆದೆ. ಉತ್ತರದ ಜೊತೆಗೆ ಆ ಫೋನಿನ ಮಾತಿನ ರೆಕಾರ್ಡಿಂಗ್ ಕಳಿಸಿದರು. ಗ್ರಾಹಕರು ಎಲ್ಲವನ್ನೂ ತಿಳಿದು ಒಪ್ಪಿದ್ದಾರೆ ಎಂಬುದಕ್ಕೆ ಅದೇ ಅವರ ಸಾಕ್ಷಿ. ನಾನು ಅದನ್ನು ಮೊಬೈಲಿನಲ್ಲಿ ಹಾಕಿದೆ. ಹತ್ತು ವರ್ಷ ಕಟ್ಟುತ್ತೀರಾ, ಹೂಂ. ಇದು ಬ್ಯಾಂಕಿನ ಠೇವಣಿ ಅಲ್ಲ ಎಂದು ನಿಮಗೆ ಗೊತ್ತಿದೆಯಾ, ಹೂಂ. ಅತ್ತೆ ಪಕ್ಕದಲ್ಲೇ ಕುಳಿತು ಕೇಳಿ, "ಯಾರ ದನಿಯೇ ಇದು, ಪಾಪ, ಯಾವ್ದೋ ಮುದುಕಿ" ಎಂದಳು. ಅದು ನೀನೇ ಎಂದು ಹೇಳದೆ ಮೊಬೈಲು ಆರಿಸಿದೆ. ಆಮೇಲೆ ಇದಕ್ಕೆಂದೇ ಇರುವ ಮೇಲಿನ ಅಧಿಕಾರಿಗೂ ಬರೆದೆ, ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಮೆಸೇಜು ಮೊಬೈಲಿನಲ್ಲಿ ಇವತ್ತಿಗೂ ಇದೆ.

ಒಂದು ದಿನ ಅತ್ತೆ, "ಮದಕರಿಪುರಕ್ಕೆ ಹೋಗಾಣ" ಅಂದಳು.

ಆ ಯುವಕನ ಮನೆಗೆ. ನನಗೆ ಜಗಳ ಬೇಕಾಗಿತ್ತು, ಹಾಗಾಗಿ ಖುಷಿಯಿಂದಲೇ ಹೊರಟೆ. ಚಿತ್ರದುರ್ಗದಲ್ಲಿ ಬಸ್ಸು ಬದಲಿಸುವಾಗ ಅವಳು ಮಂಡಿ ಹಿಡಿದುಕೊಂಡು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಹಳ ಹೊತ್ತು ಕುಳಿತಳು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುಂದೆ ಹೊಸದಾಗಿ ಟೈಲ್ಸ್ ಹಾಕಿದ ಮನೆ, ಹಿಂದೆ ಮುಳ್ಳುಬೇಲಿಯ ಹಳೇ ಕುರಿರೊಪ್ಪ. ಮಗ ಇರಲಿಲ್ಲ. ಅಪ್ಪ ರೊಪ್ಪದಲ್ಲಿ ಹಿಕ್ಕೆ ಗುಡಿಸುತ್ತಿದ್ದ. ಕಣ್ಣು ಕಿರಿದು ಮಾಡಿ ನೋಡಿ ಅತ್ತೆಯ ಗುರುತು ಹಿಡಿದ. "ಬರ್ರಿ ಅಕ್ಕ, ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದ.

ಅತ್ತೆ ಅವನ ಮಗನನ್ನು ಬೈಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ನಿನ್ನ ಮಗ ಪಾಲಿಗೆ ಬಿಡು ಅಂದ, ಬಿಟ್ಟೆ. ಈಗ ಒಂದೂ ಇಲ್ಲ ಅಂತಾರೆ. ಕಿವಿ ಕೇಳಿದೆ, ನಕ್ಕರು.

ಮುದುಕ ನನ್ನ ಕಡೆ ನೋಡಿದ. "ಖರೇವೇನವ್ವ? ಅವ್ನೇ ಪಾಲು ಅಂದ್ನಾ?"

"ಹೌದು. ನಿನ್ನ ಹೆಸರು ಹೇಳಿ, ನೀನು ಸಾಕಿದ್ದನ್ನ ಹೇಳಿ, ಅದೇ ಮಾತಲ್ಲಿ ದುಡ್ಡು ತಗೊಂಡಿದಾನೆ. ಆ ಟೈಲ್ಸಿನಾಗೆ ನಮ್ಮತ್ತೆ ಕುರಿನೂ ಅವೆ" ಎಂದೆ. ಇನ್ನೂ ಏನೇನೋ ಅನ್ನಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅವನು ಅದಕ್ಕೆ ಕಾಯಲಿಲ್ಲ.

ಅವನು ಎದ್ದು ರೊಪ್ಪದೊಳಗೆ ಹೋದ. ಕುರಿಗಳ ನಡುವೆ ಬಗ್ಗಿ ಬಗ್ಗಿ ನೋಡಿ, ಒಳ್ಳೆಯ ಹರೆಯದ ಹೆಣ್ಣುಕುರಿಗಳನ್ನೇ ಆರಿಸಿ ಒಂದು ಮೂಲೆಗೆ ಅಟ್ಟಿದ. ರೊಪ್ಪದಲ್ಲಿ ಉಳಿದವು ನಾಲ್ಕಾರು ಮುದಿಕುರಿಗಳು ಮತ್ತು ಒಂದು ಟಗರು. "ಅವ್ನು ತಿಂದಿದ್ದಕ್ಕೆ ಇವು ಸಾಲಾಕಿಲ್ಲ ಅಕ್ಕ. ನನ್ನ ಹತ್ರ ಇರೋದು ಇಷ್ಟೇ" ಅಂದ.

ಅತ್ತೆ ಬೇಡ ಅನ್ನುತ್ತಾಳೆ ಎಂದು ನಾನು ಕಾದೆ. ಅವಳು ಅನ್ನಲಿಲ್ಲ. "ಕತ್ರಿ ತಗಂಬಾ" ಅಂದಳು. ಅವನು ಉಣ್ಣೆ ಕತ್ತರಿಸುವ ಕತ್ತರಿ ತಂದ. ಒಂದೊಂದನ್ನೇ ಅವನು ಹಿಡಿದುಕೊಂಡ, ಇವಳು ನೆಲದ ಮೇಲೆ ಕುಳಿತೇ ಎಡಗಿವಿಯ ತುದಿ ಹಾರಿಸಿ ಹಿಂಬದಿಯಲ್ಲಿ ಕಚ್ಚು ಹಾಕಿದಳು. ರಕ್ತ ಬಂದಲ್ಲಿ ಅವನು ಅರಿಶಿನ ಮೆತ್ತಿದ. ಎಲ್ಲ ಮುಗಿದ ಮೇಲೆ ಅತ್ತೆ, "ನನ್ನ ಕೈಲಿ ಕಾಯಾಕೆ ಆಗಲ್ಲ. ನಿನ್ನ ಹತ್ರನೇ ಇರ್ಲಿ, ಪಾಲಿಗೆ" ಎಂದಳು. ಮುದುಕ ಅವಳ ಕಾಲು ಮುಟ್ಟಲು ಬಗ್ಗಿದ, ಅವಳು ಕಾಲು ಎಳೆದುಕೊಂಡಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಅವಳ ಮೇಲೂ ರೇಗಿದೆ. "ಬ್ಯಾಂಕಿನೋರು ತಿಂದಿದ್ದನ್ನ ಆ ಮುದುಕನ ಹತ್ರ ಕಿತ್ಕೊಂಡ್ಯಲ್ಲ. ಅವನೇನು ಮಾಡಿದ್ದ?"

"ಕಿತ್ಕಳ್ದೆ ಬಂದಿದ್ರೆ ಅವ್ನು ನಾಳೆ ಯಾರ ಮುಂದೆ ನಿಲ್ಬೇಕು? ಕುರಿ ತಿಂದ ಮನೆ ಅಂತ ಆಗ್ತಿತ್ತು. ಈಗ ಆ ಮನೆದು ಚುಕ್ತಾ ಆತು" ಎಂದಳು. ಆಮೇಲೆ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು.

ನನಗೆ ನಿದ್ದೆ ಬರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಚುಕ್ತಾ ಆಗಿರಲಿಲ್ಲ. ಕಮಿಷನ್ ತಿಂದವನು ಪ್ರಮೋಷನ್ ಪಡೆದ. ಮ್ಯಾನೇಜರ್ ಟಾರ್ಗೆಟ್ ಮುಟ್ಟಿದ. ಕಂಪನಿ ಕಂತು ನುಂಗಿತು. ಇಷ್ಟೂ ಜನರಲ್ಲಿ ನಷ್ಟ ಕಟ್ಟಿಕೊಟ್ಟವನು ಯಾರೆಂದರೆ, ಸಹಿ ಹಾಕದ, ಒಂದು ರೂಪಾಯಿ ತಿನ್ನದ, ಹಿಕ್ಕೆ ಗುಡಿಸುತ್ತಿದ್ದ ಮುದುಕ. ಪಾಲು ಎಂಬ ಪದಕ್ಕೆ ಅರ್ಥವಿದೆ ಎಂದು ನಂಬಿದ್ದೇ ಅವನ ತಪ್ಪು. ನಂಬದವರಿಗೆಲ್ಲ ಆ ಪದ ಉಚಿತವಾಗಿ ಸಿಕ್ಕಿತು. ಮಾರುಕಟ್ಟೆಯ ಅಪಾಯಗಳಿಗೆ ಒಳಪಟ್ಟಿರುತ್ತದೆ ಎಂದು ಟಿ.ವಿ.ಯಲ್ಲಿ ಉಸಿರು ಬಿಡದೆ ಓದುತ್ತಾರಲ್ಲ, ಆ ಅಪಾಯ ಕೊನೆಗೆ ಯಾರ ರೊಪ್ಪಕ್ಕೆ ಹೋಗಿ ನಿಲ್ಲುತ್ತದೆ ಎಂದು ಯಾರೂ ಓದುವುದಿಲ್ಲ.

ಅಂದಿನಿಂದಲೇ ನಾನು ಭಾನುವಾರದ ಪಾಠ ಶುರು ಮಾಡಿದ್ದು. ಮೊದಲ ವಾರವೇ ಹೆಂಗಸರಿಗೆ ಹೇಳುತ್ತೇನೆ, ನಾನು ಕುರಿಯ ಲೆಕ್ಕದಲ್ಲಿ ಹೇಳುವುದು ನಿಮಗೆ ತಿಳಿಯಲಿ ಎಂದು. ಆದರೆ ದುಡ್ಡು ತಗೊಳ್ಳಲು ಬಂದವನು ಕುರಿಯ ಲೆಕ್ಕದಲ್ಲಿ ಮಾತಾಡಿದರೆ ಎದ್ದು ಬನ್ನಿ. ದೊಡ್ಡವ್ವ ಅಂದರಂತೂ ಚೀಲ ಎತ್ತಿಕೊಂಡು ಬನ್ನಿ. ಎಷ್ಟು ವರ್ಷ ಕಟ್ಟಬೇಕು, ನಡುವೆ ಬಿಟ್ಟರೆ ಎಷ್ಟು ಬರುತ್ತದೆ, ಇದರಲ್ಲಿ ನಿನಗೆಷ್ಟು ಸಿಗುತ್ತದೆ, ಈ ಮೂರನ್ನು ಕೇಳಿ, ಬರೆದುಕೊಡು ಅನ್ನಿ. ಬರೆದುಕೊಡುವವನು ಸಿಕ್ಕಿದರೆ ನನಗೂ ತೋರಿಸಿ, ನಾನೂ ಅವನ ಮುಖ ನೋಡಬೇಕು.

ಹೋದ ಮಳೆಗಾಲದಲ್ಲಿ ಅತ್ತೆ ಮಂಡಿ ಔಷಧಿಗೆಂದು ನಮ್ಮ ಮನೆಗೆ ಬಂದು ಇದ್ದಳು. ಒಂದು ಬೆಳಗ್ಗೆ ಮದಕರಿಪುರದ ಮುದುಕ ಹೊಸದುರ್ಗದ ನಮ್ಮ ಬಾಗಿಲಿಗೆ ಬಂದು ನಿಂತ. ಮೊದಲು ಹಟ್ಟಿಗೆ ಹೋಗಿದ್ದನಂತೆ, ಇಲ್ಲಿದ್ದಾಳೆಂದು ಹೇಳಿದ್ದಕ್ಕೆ ಮತ್ತೆ ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದ. ಮೈಯೆಲ್ಲ ಒದ್ದೆ. ಒಳಗೆ ಬರದೆ ಹೊಸ್ತಿಲ ಮೇಲೆ ಕುಳಿತು ಟವೆಲ್ಲಿನ ಗಂಟು ಬಿಚ್ಚಿದ. ಉಪ್ಪು ಸವರಿದ ಒಂದು ಕಿವಿ. "ಒಂದು ಹೋತು ಅಕ್ಕ, ರಾತ್ರಿ ಹೊಟ್ಟೆ ಉಬ್ಬರಿಸಿ. ಡಾಕ್ಟ್ರನ್ನ ಕರ್ಕಂಬಂದೆ, ಉಳೀಲಿಲ್ಲ" ಎಂದ.

ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ಕಣ್ಣು ಮಂಜಾಗಿರುವುದರಿಂದ, ಹೆಬ್ಬೆರಳಿನಲ್ಲಿ ತುದಿಯನ್ನು ಸವರಿದಳು, ಹಿಂಬದಿಯ ಕಚ್ಚನ್ನು ಸವರಿದಳು. ತಲೆಯಾಡಿಸಿದಳು. ನನ್ನ ಕಡೆ ತಿರುಗಿ, ಅವನಿಗೆ ಊಟಕ್ಕಿಡು ಅಂದಳು. ಅವನು ಉಂಡು, ಎರಡು ಮರಿ ಹುಟ್ಟಿರುವ ಸುದ್ದಿ ಹೇಳಿ, ಮಧ್ಯಾಹ್ನದ ಬಸ್ಸಿಗೆ ಹೋದ. ಹಟ್ಟಿಯ ಹಿತ್ತಲಲ್ಲಿ ಪಾಯದ ಕಲ್ಲುಗಳು ಪೇರಿಸಿದ ಹಾಗೆಯೇ ಇವೆ, ಅವುಗಳ ಸಂದಿಯಲ್ಲಿ ಹುಲ್ಲು ಬೆಳೆದಿದೆ. ಊರಿನಲ್ಲಿದ್ದಾಗ ಅತ್ತೆ ಈಗಲೂ ಪಡಸಾಲೆಯ ಮೂಲೆಯಲ್ಲೇ ಮಲಗುತ್ತಾಳೆ.

ಆ ದಿನ ಮುದುಕ ಹೋದ ಮೇಲೆ ಕಿವಿಯನ್ನು ಇನ್ನೂ ಅಂಗೈಯಲ್ಲೇ ಇಟ್ಟುಕೊಂಡು ಕುಳಿತಿದ್ದವಳು ನನ್ನನ್ನು ಕೇಳಿದಳು.

"ಇವ್ನು ತಂದುಕೊಟ್ಟ. ಬ್ಯಾಂಕಿನೋರ್ದು ಇನ್ನೂ ಬಂದಿಲ್ವೇನೇ?"